ಪುಸ್ತಕ ಮುಗಿಯಿತು, ಮೊದಲ ನಮಸ್ಕಾರ ಅವ್ವನಿಗೆ

ಕೊನೆಯ ಅಧ್ಯಾಯ ಮೊನ್ನೆ ಮುಗಿಯಿತು. ಕರಡು ಬೆಂಗಳೂರಿಗೆ ಹೋಗಿದೆ. "ಮುಗೀತಾ, ಮುಗೀತಾ" ಅಂತ ಕೇಳಿ ಕೇಳಿ ನೀವೂ ಸುಸ್ತಾಗಿದ್ದಿರಿ, ಉತ್ತರ ಹೇಳಿ ಹೇಳಿ ನಾನೂ ಸುಸ್ತಾಗಿದ್ದೆ. ಈಗ ಉಳಿದಿರುವುದು ಋಣದ ಲೆಕ್ಕ.

ಹೊಸದಾಗಿ ಸೇರಿದವರಿಗೆ ಎರಡು ಮಾತು. ಈ ಪುಸ್ತಕ ಅಬ್ರಹಾಂ ಲಿಂಕನ್ ಬಗ್ಗೆ ಅಲ್ಲ. ಅವನ ಅಪ್ಪ ಥಾಮಸ್ ಲಿಂಕನ್ ಬಗ್ಗೆ. ಬೇಸಾಯಗಾರ, ಜೊತೆಗೆ ಬಡಗಿ. 1778ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದ. ಎಂಟು ವರ್ಷದವನಿದ್ದಾಗ ಕೆಂಟಕಿಯ ಹೊಲದಲ್ಲಿ ಕಣ್ಣೆದುರೇ ಅಪ್ಪ ಗುಂಡೇಟಿಗೆ ಬಿದ್ದ. ಆಗಿನ ಕಾನೂನಿನಂತೆ ಆಸ್ತಿ ಹಿರಿಯ ಮಗನಿಗೆ ಹೋಯಿತು, ಕಿರಿಯ ಥಾಮಸ್ ಕೂಲಿ ಮಾಡಿ ಬೆಳೆದ. ಇವನನ್ನು ಸೋಮಾರಿ, ಕೈಲಾಗದವನು ಅಂತ ಬರೆದವರೇ ಜಾಸ್ತಿ. ದಾಖಲೆ ನೋಡಿದರೆ ಬೇರೆ ಮನುಷ್ಯ ಕಾಣುತ್ತಾನೆ. ತೆರಿಗೆ ಕಟ್ಟಿದ್ದಾನೆ, ಜ್ಯೂರಿಯಲ್ಲಿ ಕೂತಿದ್ದಾನೆ, ಕುದುರೆ ಸಾಕಿದ್ದಾನೆ, ರೊಕ್ಕ ಕೊಟ್ಟು ಜಮೀನು ಕೊಂಡಿದ್ದಾನೆ. ಕೊಂಡ ಜಮೀನು ಕೈಯಲ್ಲಿ ನಿಲ್ಲಲಿಲ್ಲ, ಅಷ್ಟೆ.

ಇನ್ನು ಕೃತಜ್ಞತೆ. ಹಳೆಯ ಕಾಗದಗಳನ್ನು ತೆಗೆದುಕೊಟ್ಟ ಗ್ರಂಥಾಲಯದವರು, ನನ್ನನ್ನು ಇಂಡಿಯಾನಾವರೆಗೆ ಕಾರಿನಲ್ಲಿ ಕರೆದುಕೊಂಡು ಹೋದ ಗೆಳೆಯರು, ಕರಡು ತಿದ್ದಿದ ಮೈಸೂರಿನ ಮೇಷ್ಟ್ರು, ನಾನು ಹಾಸಿಗೆ ಹಿಡಿದಾಗ ಸರದಿಯ ಮೇಲೆ ಅನ್ನ ಸಾರು ತಂದುಕೊಟ್ಟ ಇಲಿನಾಯ್‌ನ ಶಾಂಪೇನ್ ಊರಿನ ಕನ್ನಡ ಮನೆಗಳವರು, ನನ್ನ ಸಿಡುಕು ಸಹಿಸಿದ ಮನೆಯವರು, ಎಲ್ಲರಿಗೂ ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಮುಂದೆ ಓದಿದರೆ ಯಾಕೆ ಅಂತ ನಿಮಗೇ ತಿಳಿಯುತ್ತದೆ.

ಅವ್ವ ಅಂದರೆ ನನ್ನ ಗೆಳತಿಯ ತಾಯಿ. ರಾಣೆಬೆನ್ನೂರು ಕಡೆಯ ಹಳ್ಳಿಯವರು. ಮಗಳ ಮನೆಗೆ ಆರು ತಿಂಗಳಿಗೆ ಅಂತ ಇಲಿನಾಯ್‌ಗೆ ಬಂದಿದ್ದರು. ಗೆಳತಿ ಅವ್ವ ಅನ್ನುತ್ತಾಳೆ, ಹಾಗಾಗಿ ನಮಗೆಲ್ಲರಿಗೂ ಅವರು ಅವ್ವನೇ. ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಾರೆ.

ನನಗೆ ಏನಾಗಿತ್ತು ಅನ್ನೋದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಎರಡನೇ ಸಲ ಆಸ್ಪತ್ರೆ ಸೇರಿದಾಗ ಮನೆಯವರು ಅತ್ತೆಯನ್ನು ನೋಡಲು ಊರಿಗೆ ಹೋಗಿದ್ದರು. ಟಿಕೆಟ್ ಸಿಗುತ್ತಿರಲಿಲ್ಲ. ಗೆಳತಿಗೆ ಚಿಕ್ಕ ಮಗು. "ನಾ ಕೂಡ್ತೀನಿ" ಅಂತ ಅವ್ವ ಬಂದರು. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಇಳಕಲ್ ಸೀರೆಯ ಮೇಲೆ ಮಗಳ ದಪ್ಪ ಜಾಕೆಟ್ ಹಾಕಿಕೊಂಡು ಕುರ್ಚಿಯ ಮೇಲೆ ಕಾಲು ಮಡಚಿ ಕೂತರು. ನರ್ಸ್ ಬಂದು ಏನಾದರೂ ಕೇಳಿದರೆ ಅವ್ವ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಆಶ್ಚರ್ಯ ಅಂದರೆ ಆ ನರ್ಸ್‌ಗೆ ತಿಳಿಯುತ್ತಿತ್ತು.

ನಡುರಾತ್ರಿ ಕಳೆದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಅವ್ವ ನನ್ನ ಮುಖ ನೋಡಿದರು. "ನಿನ್ನ ಪುಸ್ತಕದಾಗಿನ ಆ ಮನಷ್ಯಾನ ಕಥಿ ಹೇಳ ಯವ್ವಾ, ಹೊತ್ತ ಹೋಗಲಿ" ಅಂದರು. ಹೇಳಲು ಶುರು ಮಾಡಿದೆ.

ಮೊದಲು ಜಮೀನಿನ ಕಥೆ. ಥಾಮಸ್ ಕೆಂಟಕಿಯಲ್ಲಿ ಮಿಲ್ ಕ್ರೀಕ್ ಅನ್ನೋ ಕಡೆ 238 ಎಕರೆ ಅಂತ ಕೊಂಡ. ಅಳತೆ ತಪ್ಪಿತ್ತು, ಮಾರುವಾಗ 200 ಎಕರೆಯ ಲೆಕ್ಕಕ್ಕೆ ಬಂತು. ಆಮೇಲೆ ಸಿಂಕಿಂಗ್ ಸ್ಪ್ರಿಂಗ್ ಅನ್ನೋ ಹೊಲಕ್ಕೆ 200 ಡಾಲರ್ ಕೊಟ್ಟ. 1809ರಲ್ಲಿ ಅಬ್ರಹಾಂ ಹುಟ್ಟಿದ್ದು ಅಲ್ಲಿ. ಅದರ ಹಕ್ಕುಪತ್ರದಲ್ಲೂ ತಕರಾರು ಬಂತು. ಮೂರನೆಯದು ನಾಬ್ ಕ್ರೀಕ್. ಅಲ್ಲಿಂದಲೂ ಒಕ್ಕಲೆಬ್ಬಿಸಲು ದಾವೆ ಬಿತ್ತು.

"ಯಾಕ, ಪಹಣಿ ಇರಲಿಲ್ಲೇನು?" ಅವ್ವನ ಪ್ರಶ್ನೆ.

ಇರಲಿಲ್ಲ. ಕೆಂಟಕಿಯಲ್ಲಿ ಸರ್ಕಾರ ಮೊದಲೇ ಮೋಜಣಿ ಮಾಡಿರಲಿಲ್ಲ. ಬಂದವರು ತಮ್ಮ ತಮ್ಮ ಸರ್ವೆಯವರನ್ನು ಕರೆಸಿ, ಈ ಮರದಿಂದ ಆ ಹಳ್ಳದವರೆಗೆ ಅಂತ ಬರೆಸಿಕೊಳ್ಳುತ್ತಿದ್ದರು. ಒಂದೇ ನೆಲಕ್ಕೆ ಮೂರು ನಾಲ್ಕು ಹಕ್ಕುದಾರರು. ವಕೀಲರ ಖರ್ಚು ತಡೆಯುವವರು ಗೆದ್ದರು. ಥಾಮಸ್‌ಗೆ ಕಷ್ಟಪಟ್ಟು ತನ್ನ ಹೆಸರು ಬರೆಯಲು ಬರುತ್ತಿತ್ತು, ಅಷ್ಟೆ. 1816ರ ಚಳಿಗಾಲದಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಹಾಯೋ ನದಿ ದಾಟಿ ಇಂಡಿಯಾನಾಕ್ಕೆ ಹೋದ. ಅಲ್ಲಿ ಸರ್ಕಾರ ಮೊದಲೇ ಚೌಕ ಚೌಕ ಅಳೆದು, ಎಕರೆಗೆ 2 ಡಾಲರ್‌ನಂತೆ ಮಾರುತ್ತಿತ್ತು. ಮುಂದೆ ಮಗ ಇದನ್ನು ನೆನೆದು ಬರೆದ. ಊರು ಬಿಟ್ಟದ್ದು ಸ್ವಲ್ಪ ಗುಲಾಮಗಿರಿಯ ಕಾರಣಕ್ಕೆ, ಮುಖ್ಯವಾಗಿ ಜಮೀನಿನ ಹಕ್ಕಿನ ತೊಂದರೆಗೆ ಅಂತ.

ಅವ್ವನಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವೇ ಆಗಿರಲಿಲ್ಲ. "ಹದ್ದಬಸ್ತ ಆಗದ ಹೊಲ ಇದ್ರೂ ಒಂದ, ಇಲ್ಲದಿದ್ರೂ ಒಂದ" ಅಂದರು. ಓದಿದ ಪುಸ್ತಕಗಳಲ್ಲಿ ನೂರಾರು ಪುಟ ತಿರುವಿ ನಾನು ಹಿಡಿದ ಮಾತು ಅದು.

ಆಮೇಲೆ ಥಾಮಸ್‌ನ ಹೆಂಡತಿ, ಅಬ್ರಹಾಂನ ತಾಯಿ ನ್ಯಾನ್ಸಿಯ ಸಾವು. 1818ರ ಅಕ್ಟೋಬರ್. ಆ ಕಾಡಿನಲ್ಲಿ ಸ್ನೇಕ್‌ರೂಟ್ ಅನ್ನೋ ಬಿಳಿ ಹೂವಿನ ಗಿಡ ಬೆಳೆಯುತ್ತದೆ. ದನ ಅದನ್ನು ಮೇಯ್ದರೆ ವಿಷ ಹಾಲಿಗೆ ಇಳಿಯುತ್ತದೆ. ಹಾಲು ಕುಡಿದವರು ಸಾಯುತ್ತಾರೆ. ಕಾರಣ ಆಗ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಥಾಮಸ್ ತಾನೇ ಮರ ಕೊಯ್ದು ಹೆಂಡತಿಗೆ ಪೆಟ್ಟಿಗೆ ಮಾಡಿದ. ಅವ್ವ ಬಹಳ ಹೊತ್ತು ಏನೂ ಮಾತಾಡಲಿಲ್ಲ. "ಎಮ್ಮಿ ಕಾಯೋ ಹುಡುಗ್ರಿಗೆ ಗಿಡ ಗುರುತ ಇರಬೇಕ" ಅಂದು ಸುಮ್ಮನಾದರು.

ಮುಂದಿನ ವರ್ಷ ಥಾಮಸ್ ಕೆಂಟಕಿಗೆ ವಾಪಸ್ ಹೋದ. ಮೊದಲೇ ಗೊತ್ತಿದ್ದ ಸಾರಾ ಬುಷ್ ಜಾನ್ಸ್‌ಟನ್‌ಳನ್ನು ಕೇಳಿದ. ಗಂಡ ಸತ್ತು ಮೂರು ಮಕ್ಕಳಿದ್ದವಳು. ಸಣ್ಣಪುಟ್ಟ ಸಾಲ ಇದೆ, ತೀರಿಸದೆ ಹೇಗೆ ಬರಲಿ ಅಂದಳಂತೆ. ಥಾಮಸ್ ಸಾಲ ತೀರಿಸಿದ. 1819ರ ಡಿಸೆಂಬರ್ 2ರಂದು ಮದುವೆ. ಅವಳ ಬೀರು, ಹಾಸಿಗೆ, ಪಾತ್ರೆ ಎಲ್ಲಾ ಗಾಡಿಗೆ ಹೇರಿಕೊಂಡು ಇಂಡಿಯಾನಾಕ್ಕೆ ಬಂದರು. ಮಣ್ಣು ನೆಲದ ಮನೆಗೆ ಹಲಗೆ ಹಾಕಿಸಿದಳು. ಎರಡು ತಬ್ಬಲಿ ಮಕ್ಕಳನ್ನು ತಿಕ್ಕಿ ತೊಳೆದಳು. ತನಗೆ ಓದಲು ಬರದಿದ್ದರೂ ಹುಡುಗ ಓದಲಿ ಅಂತ ಪಟ್ಟು ಹಿಡಿದಳು.

ಇಲ್ಲಿಗೆ ಬಂದಾಗ ಅವ್ವ ನೆಟ್ಟಗೆ ಕೂತರು. "ಆಕಿ ಬಗ್ಗೆ ಎಷ್ಟ ಬರದಿ?" ಅಂದರು. ಒಂದು ಅಧ್ಯಾಯದಲ್ಲಿ ಸ್ವಲ್ಪ ಅಂದೆ. "ಸ್ವಲ್ಪ ಅಂದ್ರ?" ನಾನು ಉತ್ತರ ಕೊಡದೆ ಕಥೆ ಮುಂದುವರಿಸಿದೆ. 1830ರಲ್ಲಿ ಇಲಿನಾಯ್‌ಗೆ ಗುಳೆ, ಕೊನೆಗೆ ಕೋಲ್ಸ್ ಕೌಂಟಿಯ ಗೂಸ್‌ನೆಸ್ಟ್ ಪ್ರೇರಿ, ಮಗ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ದೊಡ್ಡ ವಕೀಲ. 1848ರಲ್ಲಿ ಹೊಲ ಉಳಿಸಿಕೊಳ್ಳಲು ಅಪ್ಪ 20 ಡಾಲರ್ ಕೇಳಿದ, ಮಗ ಕಳಿಸಿದ.

ಆಮೇಲೆ 1851ರ ಜನವರಿ. ಥಾಮಸ್ ಸಾಯುವ ಹಾಗಿದ್ದಾನೆ. ಸಾರಾಳ ಮಗ ಜಾನ್ ಎರಡು ಸಲ ಬರೆದಿದ್ದಾನೆ, ಉತ್ತರ ಇಲ್ಲ. 12ನೇ ತಾರೀಖು ಲಿಂಕನ್ ಬರೆದ ಕಾಗದ ಬರುತ್ತದೆ. ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಬರಲಾಗುವುದಿಲ್ಲ. ಈಗ ನಾವು ಭೇಟಿಯಾದರೆ ಸುಖಕ್ಕಿಂತ ನೋವೇ ಜಾಸ್ತಿಯಾದೀತೇನೋ ಅಂತ ಅಪ್ಪನಿಗೆ ಹೇಳು, ಅಂತ ಬರೆದಿದ್ದ. 17ಕ್ಕೆ ಥಾಮಸ್ ತೀರಿಕೊಂಡ. ಮಗ ಮಣ್ಣಿಗೂ ಬರಲಿಲ್ಲ.

ಅಷ್ಟು ಹೇಳಿ ನನಗೆ ಮುಂದಕ್ಕೆ ಆಗಲಿಲ್ಲ. ಅಳು ಬಂತು. ಅಳು ಅಂದರೆ ಕಣ್ಣಲ್ಲಿ ನೀರು ಅಲ್ಲ, ಮೈ ನಡುಗುವ ಅಳು. ನನ್ನವರು ಯಾರೂ ಹತ್ತಿರ ಇಲ್ಲ. ಬೆಳಗಾಗುವಷ್ಟರಲ್ಲಿ ಏನಾದರೂ ಆದರೆ ಅವರಿಗೆ ಸಿಗುವುದು ಒಂದು ಫೋನ್ ಕಾಲ್. ಇದನ್ನು ಇಲ್ಲಿ ಬರೆಯಬಾರದು ಅಂತಿದ್ದೆ. ಆದರೆ ಇದನ್ನು ಬಿಟ್ಟು ಅವ್ವನಿಗೆ ಥ್ಯಾಂಕ್ಸ್ ಹೇಳುವುದು ಹೇಗೆ?

ಅವ್ವ ಸಮಾಧಾನ ಮಾಡಲಿಲ್ಲ. ಗದರಿದರು. "ಬರದ ಇದ್ದಾಂವಗ ಯಾಕ ಅಳತಿ? ಮುದುಕನ ಹತ್ರ ಯಾರಿದ್ರು, ಅದನ್ನ ಹೇಳು."

ಸಾರಾ ಇದ್ದಳು ಅಂದೆ.

"ಮತ್ತ ಅದನ್ನ ಬರಿ. ನೀ ಬರಿಯೂದ ಬಾಕಿ ಐತಿ. ಎಲ್ಲಿಗೂ ಹೋಗಂಗಿಲ್ಲ ನೀ."

ಬೆಳಗಿನವರೆಗೆ ನನ್ನ ಕಾಲು ಒತ್ತುತ್ತಾ ಕೂತಿದ್ದರು. ಡಾಕ್ಟರ್ ಬಂದು ಪರವಾಗಿಲ್ಲ ಅಂದದ್ದನ್ನು ನಾನು ಕನ್ನಡದಲ್ಲಿ ಹೇಳುವ ಮೊದಲೇ ಎದ್ದು ನಿಂತು, ಚಹಾ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

ಈಗ ನೀವು ಓದಲಿರುವ ಪುಸ್ತಕ ಆ ರಾತ್ರಿಯ ನಂತರ ಬರೆದದ್ದು. ಸಾರಾಳಿಗೆ ಮೂರು ಅಧ್ಯಾಯ ಇದೆ. 1865ರಲ್ಲಿ, ಲಿಂಕನ್ ಕೊಲೆಯಾದ ಮೇಲೆ, ಅವನ ವಕೀಲಿ ಜೊತೆಗಾರ ಹರ್ನ್‌ಡನ್ ಅವಳನ್ನು ಕಂಡು ಮಾತಾಡಿಸಿದ. ಆ ಮುದುಕಿ ಗಂಡನನ್ನು ಬಿಟ್ಟುಕೊಡಲಿಲ್ಲ. ಆದಷ್ಟು ಮಟ್ಟಿಗೆ ಹುಡುಗನ ಓದು ಬಿಡಿಸಿ ಕೆಲಸಕ್ಕೆ ಹಚ್ಚುತ್ತಿರಲಿಲ್ಲ ಅಂದಳು. ಅಪ್ಪ ಮಗನ ಜಗಳದ ಬಗ್ಗೆ ಕಥೆ ಕಟ್ಟುವವರು ಈ ಮಾತನ್ನು ದಾಟಿ ಹೋಗುತ್ತಾರೆ. ಹಾಗಂತ ಜಗಳ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಅಕ್ಕಪಕ್ಕದ ಹೊಲಗಳಲ್ಲಿ ಮಗ ದುಡಿದ ಕೂಲಿಯನ್ನು ಅಪ್ಪ ತೆಗೆದುಕೊಳ್ಳುತ್ತಿದ್ದ. ಕಾನೂನು ಹಾಗಿತ್ತು, ಮಗನಿಗೆ ನೋವೂ ಆಗಿತ್ತು. ಅಪ್ಪ ತೀರಿಕೊಂಡ ಮೇಲೆ 1853ರಲ್ಲಿ ಹುಟ್ಟಿದ ಗಂಡುಮಗುವಿಗೆ ಲಿಂಕನ್ ಇಟ್ಟ ಹೆಸರು ಥಾಮಸ್. ಇದನ್ನು ಅವ್ವನಿಗೆ ಆಮೇಲೆ ಫೋನಿನಲ್ಲಿ ಹೇಳಿದೆ. "ನೋಡು ಮತ್ತ!" ಅಂತ ಜೋರಾಗಿ ನಕ್ಕರು.

ವಂಶದ ಅಧ್ಯಾಯವೂ ಬದಲಾಯಿತು. ಥಾಮಸ್‌ನ ಮಗಳು 1828ರಲ್ಲೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅಬ್ರಹಾಂನ ನಾಲ್ಕು ಗಂಡುಮಕ್ಕಳಲ್ಲಿ ವಯಸ್ಸಿಗೆ ಬಂದು ಸಂಸಾರ ಮಾಡಿದವನು ರಾಬರ್ಟ್ ಒಬ್ಬನೇ. ಅವನು ಯುದ್ಧ ಖಾತೆಯ ಮಂತ್ರಿ, ರೈಲು ಬೋಗಿ ಮಾಡುವ ಪುಲ್ಮನ್ ಕಂಪನಿಯ ಅಧ್ಯಕ್ಷ, ವರ್ಮಾಂಟ್‌ನಲ್ಲಿ ಹಿಲ್ಡೀನ್ ಅನ್ನೋ ಬಂಗಲೆಯ ಯಜಮಾನ. ಥಾಮಸ್‌ನ ಗಿರಿಮಗಳು ಪೆಗ್ಗಿ ಬೆಕ್‌ವಿತ್ ಅದೇ ಹಿಲ್ಡೀನ್‌ನಲ್ಲಿ ದನ ಕಟ್ಟಿ, ಪ್ಯಾಂಟ್ ಹಾಕಿಕೊಂಡು ಬೇಸಾಯ ಮಾಡಿದಳು, ವಿಮಾನವನ್ನೂ ಹಾರಿಸುತ್ತಿದ್ದಳು. ನನಗೆ ಇವಳು ಬಹಳ ಇಷ್ಟ. ಅವಳ ತಮ್ಮ 1985ರ ಡಿಸೆಂಬರ್ 24ರಂದು ಮಕ್ಕಳಿಲ್ಲದೆ ತೀರಿಕೊಂಡ. ಅಲ್ಲಿಗೆ ಥಾಮಸ್‌ನ ವಂಶ ಮುಗಿಯಿತು. ನನ್ನ ಹಳೆಯ ಕರಡೂ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಮುಗಿಯುವುದು ಗೂಸ್‌ನೆಸ್ಟ್‌ನಲ್ಲಿ. ಥಾಮಸ್ ಸತ್ತ ಮೇಲೆ ಆ ಮನೆಯಲ್ಲಿ ಬಾಳುವೆ ಮಾಡಿದ್ದು ಜಾನ್ ಹಾಲ್. ಅವನು ಸಾರಾಳ ಮೊದಲ ಮದುವೆಯ ಮಗಳ ಮಗ. ಥಾಮಸ್‌ಗೆ ರಕ್ತಸಂಬಂಧ ಇಲ್ಲ. ವಂಶವೃಕ್ಷ ಬರೆಯುವವರು ಅವನನ್ನು ಪಕ್ಕದ ಕೊಂಬೆಗೆ ಹಾಕುತ್ತಾರೆ. ಹೊಲ ಹಿಡಿದು ನಿಂತವನು ಅವನು.

ನಾನು ಓಡಾಡುವ ಹಾಗಾದ ಮೇಲೆ ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ದಾರಿಯ ಉದ್ದಕ್ಕೂ ಗೋವಿನಜೋಳ. ಸಾಲಿನಿಂದ ಸಾಲಿಗೆ ಎಷ್ಟು ಬಿಟ್ಟಿದ್ದಾರೆ ಅಂತ ನೋಡಲು ಕಾರು ನಿಲ್ಲಿಸಿದರು. ಎರಡು ಕೋಣೆಯ ಮರದ ಮನೆ ನೋಡಿ, ಒಂದು ಕಾಲಕ್ಕೆ ಇದರಲ್ಲಿ ಹದಿನೆಂಟು ಜನ ಇದ್ದರಂತೆ ಅಂದರೆ ಅವರಿಗೆ ವಿಶೇಷ ಅನ್ನಿಸಲಿಲ್ಲ. ಇದು ಮೂಲ ಮನೆ ಅಲ್ಲ, 1893ರ ಶಿಕಾಗೋ ಮೇಳಕ್ಕೆ ಅಂತ ಮೂಲ ಮನೆಯನ್ನು ಬಿಚ್ಚಿ ಒಯ್ದರು, ಅದು ಮತ್ತೆ ವಾಪಸ್ ಬರಲಿಲ್ಲ, 1930ರ ದಶಕದಲ್ಲಿ ಇದನ್ನು ಹೊಸದಾಗಿ ಕಟ್ಟಿದರು ಅಂದಾಗ ಮಾತ್ರ ಸಿಟ್ಟು ಬಂತು. "ಮನೀ ಬಿಚ್ಚಿ ಜಾತ್ರಿಗೆ ಕಳಸ್ತಾರೇನ?" ಅಂದರು. ಹತ್ತಿರದ ಸ್ಮಶಾನದಲ್ಲಿ ಥಾಮಸ್, ಸಾರಾ ಅಕ್ಕಪಕ್ಕ ಇದ್ದಾರೆ. ಅಲ್ಲಿ ಅವ್ವ ಚಪ್ಪಲಿ ಬಿಟ್ಟು ಹೋದರು. ಸಾರಾಳ ಕಡೆಗೇ ಮೊದಲು.

ಅವ್ವ ಈಗ ಊರಲ್ಲಿದ್ದಾರೆ. ಸೊಸೆ ದಿನಾ ಸಂಜೆ ಸ್ವಲ್ಪ ಸ್ವಲ್ಪ ಕರಡು ಓದಿ ಹೇಳುತ್ತಿದ್ದಾಳೆ. ಮೊನ್ನೆ ಫೋನ್ ಮಾಡಿ ಒಂದು ತಕರಾರು ಎತ್ತಿದರು. ಇಂಡಿಯಾನಾದಲ್ಲಿ ಥಾಮಸ್ ನೀರಿಗಾಗಿ ಅಲ್ಲಲ್ಲಿ ಗುಂಡಿ ತೋಡಿದ, ಒಳ್ಳೆ ನೀರು ಸಿಗಲಿಲ್ಲ ಅಂತ ಬರೆದಿದ್ದೇನಲ್ಲ, ಹಾಗಾದರೆ ಮನೆಗೆ ನೀರು ಹೊತ್ತವರು ಯಾರು, ಅದನ್ನು ಯಾಕೆ ಬರೆದಿಲ್ಲ ಅಂತ. ಸರಿಯಾದ ಪ್ರಶ್ನೆ. ಒಂದು ಪ್ಯಾರಾ ಸೇರಿಸಿ ಪ್ರಕಾಶಕರಿಗೆ ಮತ್ತೆ ಕಳಿಸಿದ್ದೇನೆ. ಅವರಿಗೂ ಇಲ್ಲೇ ಥ್ಯಾಂಕ್ಸ್, ಬೈಯದೆ ಇದ್ದದ್ದಕ್ಕೆ.

ಅಚ್ಚಾಗಿ ಬಂದ ಮೊದಲ ಪ್ರತಿ ರಾಣೆಬೆನ್ನೂರಿಗೆ ಹೋಗುತ್ತದೆ. ಎರಡನೆಯದು ಯಾರಿಗೆ ಅಂತ ನೀವೇ ಮಾತಾಡಿಕೊಂಡು ಹೇಳಿ, ನಾನು ಆ ಪಂಚಾಯ್ತಿಗೆ ಬರುವುದಿಲ್ಲ.