ಡಿಸೆಂಬರ್ 9 ಕೂಡ ನೌಕಾಪಡೆಯ ದಿನವೇ

ಮಾನ್ಯ ಸಂಪಾದಕರೇ,

ಡಿಸೆಂಬರ್ 4ರ ನೌಕಾಪಡೆ ದಿನದಂದು ನೀವು ಕೊಟ್ಟ ವಿಶೇಷ ಪುಟ ಚೆನ್ನಾಗಿತ್ತು. 1971ರ ಪಾಕಿಸ್ತಾನ ಯುದ್ಧದಲ್ಲಿ ಅದೇ ದಿನ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಹತ್ತಿರದವರೆಗೂ ಹೋಗಿ ದಾಳಿ ಮಾಡಿದ ಕಥೆ ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಅದಾಗಿ ಐದೇ ದಿನಕ್ಕೆ, 9ರ ರಾತ್ರಿ, ನಮ್ಮದೇ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. ನಮ್ಮ ಕಾಸರಗೋಡಿನ ಕಡೆ ಆ ದಿನ ಸುಮ್ನೆ ಕಳೆದುಹೋಗುತ್ತದೆ. ಇದು ನನಗೆ ತುಂಬಾ ಬೇಸರದ ವಿಷಯ.

ಗುಜರಾತ್ ಕರಾವಳಿಯ ದಿಯು ಹತ್ತಿರದ ಕಡಲಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಅಡಗಿದೆ ಎಂಬ ಸುಳಿವು ಸಿಕ್ಕಿ, ಖುಕ್ರಿ ಮತ್ತು ನಮ್ಮ ಇನ್ನೊಂದು ಯುದ್ಧನೌಕೆ ಕಿರ್ಪಾಣ್ ಅದನ್ನು ಹುಡುಕಿಕೊಂಡು ಹೋಗಿದ್ದವು. ಆ ಜಲಾಂತರ್ಗಾಮಿಯೇ, ಹಂಗೋರ್, ಮೊದಲು ಟಾರ್ಪಿಡೊ (ನೀರಡಿಯಲ್ಲಿ ಸಾಗಿ ಸಿಡಿಯುವ ಅಸ್ತ್ರ) ಬಿಟ್ಟಿತು. ಕೆಲವೇ ನಿಮಿಷದಲ್ಲಿ ಖುಕ್ರಿ ನೀರಿನಡಿ ಹೋಯಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು.

ಆ ಕೆಲವು ನಿಮಿಷ ಹೇಗಿದ್ದಿರಬಹುದು ಅಂತ ಯೋಚಿಸಿ ನೋಡಿ. ಕೆಳಗಿನ ಅಂತಸ್ತಿನಿಂದ ಮೇಲೆ ಬರಲಿಕ್ಕೆ ಕಡಿದಾದ ಕಬ್ಬಿಣದ ಏಣಿ. ಒಂದು ಸಲಕ್ಕೆ ಒಬ್ಬ ಹತ್ತಬಹುದು, ಅಷ್ಟೇ. ಹಡಗು ವಾಲುತ್ತಿದೆ, ಹೊರಗೆ ಕಗ್ಗತ್ತಲು. ಅಂಥ ಹೊತ್ತಲ್ಲಿ ಖುಕ್ರಿಯ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಜನರನ್ನು ಹೊರಗೆ ಕಳಿಸುವ ಏರ್ಪಾಡಿನಲ್ಲೇ ಇದ್ದರು. ತಮ್ಮ ಲೈಫ್ ಜಾಕೆಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಇನ್ನೂ ಯಾರನ್ನಾದರೂ ಉಳಿಸಬಹುದಾ ಎಂದು ನೋಡಲು ಮತ್ತೆ ಹಡಗು ನಡೆಸುವ ಜಾಗವಾದ ಬ್ರಿಡ್ಜ್‌ಗೆ ಹೋದರು, ಹಡಗಿನ ಜೊತೆಗೇ ಹೋದರು. ಮಂಜೇಶ್ವರ, ಕೋಯಿಪಾಡಿಯ ಕಡಲಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಣಿ ಮಗುಚಿದಾಗ ಅದನ್ನು ನಡೆಸುವ ತಂಡೇಲನ ಕಣ್ಣು ಮೊದಲು ಉಳಿದವರನ್ನು ಹುಡುಕುತ್ತದೆ ಎಂದು ಅವರಿಗೆ ಗೊತ್ತು.

ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದಿಯುವಿನಲ್ಲಿ ಕಡಲಿಗೆ ಎದುರಾಗಿ ಸ್ಮಾರಕವಿದೆ, ಗಾಜಿನ ಮನೆಯೊಳಗೆ ಖುಕ್ರಿಯ ಮಾದರಿ ಇಟ್ಟಿದ್ದಾರೆ. ಬಹಳ ಒಳ್ಳೆಯದು. ಆದರೆ ಎಂಜಿನ್ ಕೋಣೆಯಲ್ಲಿ ಇದ್ದವರು, ಅಡುಗೆಮನೆಯಲ್ಲಿ ಇದ್ದವರು, ರಾತ್ರಿಯೆಲ್ಲ ನೀರಲ್ಲಿ ಕಳೆದು ಬದುಕಿ ಬಂದವರು? ಕ್ಯಾಪ್ಟನ್ ಕೊಟ್ಟ ಆದೇಶ ನಡೆದದ್ದೇ ಇವರ ಕೈಯಿಂದ ಅಲ್ವಾ? ಗೌರವ ಮೇಲಿನವರ ಹತ್ತಿರವೇ ನಿಲ್ಲಬಾರದು. ಹಡಗು ಕಳೆದುಕೊಂಡ ರಾತ್ರಿಯ ಧೈರ್ಯ ಗೆದ್ದ ರಾತ್ರಿಯ ಧೈರ್ಯಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಲ್ಲ. ನನ್ನನ್ನು ಕೇಳಿದರೆ ಜಾಸ್ತಿಯೇ.

ಪಯ್ಯನ್ನೂರಿನ ಹತ್ತಿರ ಏಳಿಮಲದಲ್ಲಿ 2009ರಿಂದ ನೌಕಾ ಅಕಾಡೆಮಿ ಇದೆ. ಇಷ್ಟು ಹತ್ತಿರ ಇದ್ದೂ ನಮ್ಮ ಕನ್ನಡ ಶಾಲೆಗಳ ಎಷ್ಟು ಮಕ್ಕಳಿಗೆ ಖುಕ್ರಿಯ ಹೆಸರು ಗೊತ್ತು? ಡಿಸೆಂಬರ್ 9ರ ಬೆಳಗಿನ ಅಸೆಂಬ್ಲಿಯಲ್ಲಿ ಐದು ನಿಮಿಷ ಈ ಕಥೆ ಹೇಳಲಿ. ಅದಕ್ಕೆ ಯಾವ ಸುತ್ತೋಲೆಯೂ ಬೇಡ, ಮನಸ್ಸಿರುವ ಒಬ್ಬ ಮೇಷ್ಟ್ರೋ ಟೀಚರೋ ಸಾಕು.

ನಿಮ್ಮಲ್ಲಿ ಒಂದು ವಿನಂತಿ. ನೌಕಾಪಡೆಯಲ್ಲಿ ದುಡಿದು ನಿವೃತ್ತರಾದವರು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. 1971ರಲ್ಲಿ ಹಡಗಿನಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ವರದಿಗಾರರು ಅವರ ಮನೆಗೆ ಹೋಗಿ ಮಾತಾಡಿಸಲಿ, ಅದರಲ್ಲೂ ಸಾಮಾನ್ಯ ನಾವಿಕರಾಗಿದ್ದವರನ್ನು. ಅವರ ಮಾತು, ಫೋಟೊ, ಹಡಗಿನ ಹೆಸರು ಎಲ್ಲ ಮುಂದಿನ ಡಿಸೆಂಬರ್ 9ರ ಪತ್ರಿಕೆಯಲ್ಲಿ ಬರಲಿ.

ಇಂತಿ,
ಒಬ್ಬ ಓದುಗ, ಕುಂಬಳೆ