ಸಿಂಪಿಯ ಸುಣ್ಣ ಮತ್ತು ನಮ್ಮ ಹೊಗೆ

ಮಾನ್ಯ ಸಂಪಾದಕರೇ,

ರಾಯಚೂರಿನಲ್ಲಿ ನನ್ನದೊಂದು ಪಾನ್ ಅಂಗಡಿ. ದಿನವಿಡೀ ಎಲೆಗೆ ಸುಣ್ಣ ಸವರುವುದೇ ಕೆಲಸ. ಮೊನ್ನೆ ಮಗಳು, ಗೋಕರ್ಣದಿಂದ ತಂದಿದ್ದ ಸಿಂಪಿಯ ಚಿಪ್ಪೊಂದನ್ನು ನಿಂಬೆರಸದ ಬಟ್ಟಲಿಗೆ ಹಾಕಿದಳು. ಚಿಪ್ಪಿನ ಮೈತುಂಬ ಸಣ್ಣ ಗುಳ್ಳೆ. ಸಂಜೆಗೆ ಉಗುರಲ್ಲಿ ಕೆರೆದರೆ ಬೆರಳಿಗೆ ಬಿಳಿ ಪುಡಿ ಹತ್ತಿತು. 'ಅಪ್ಪಾ, ಇದೂ ನಿನ್ನ ಸುಣ್ಣದ ಬಳಗವೇ' ಎಂದಳು.

ಸಮುದ್ರವೇನೂ ನಿಂಬೆರಸ ಆಗಿಲ್ಲ, ಬಿಡಿ. ಆದರೆ ನಾವು ಸುಡುವ ಕಲ್ಲಿದ್ದಲು, ಡೀಸೆಲ್‌ಗಳ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗ ಸಮುದ್ರ ಸೇರುತ್ತದೆ. ಅದು ನೀರಲ್ಲಿ ಕರಗಿ ಆಮ್ಲ ಆಗುತ್ತದೆ. ಹೀಗಾಗಿ ಸಮುದ್ರದ ಮೇಲ್ನೀರಿನ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು ಎನ್ನುವ ಅಳತೆ) 8.2ರಿಂದ 8.1ಕ್ಕೆ ಇಳಿದಿದೆ. ಇಷ್ಟೇನಾ ಅನ್ನಬೇಡಿ. ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಅಷ್ಟರಲ್ಲೇ ಕಡಿಮೆಯಾಗುತ್ತದೆ. ಸಿಂಪಿಯ ಮರಿಗೆ ಹುಟ್ಟಿದ ಎರಡು ಮೂರು ದಿನದಲ್ಲೇ ಮೊದಲ ಚಿಪ್ಪು ಆಗಬೇಕು. ಮೊಟ್ಟೆಯಿಂದ ಬಂದ ಶಕ್ತಿಯೆಲ್ಲ ಅದಕ್ಕೇ ಖರ್ಚಾದರೆ ಮರಿ ಸಾಯುತ್ತದೆ. ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಸಿಂಪಿ ಮರಿ ಬೆಳೆಸುವ ಕೇಂದ್ರವೊಂದರಲ್ಲಿ 2007ರ ಹೊತ್ತಿಗೆ ಹೀಗೇ ಕೋಟಿಗಟ್ಟಲೆ ಮರಿ ಸತ್ತವು. ಕೊನೆಗೆ ಅವರು ನೀರಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸತೊಡಗಿದರು. ನಮ್ಮ ಮನೆಯ ಬಟ್ಟೆ ಸೋಡಾನೇ ಅದು!

ತೊಟ್ಟಿಗೆ ಸೋಡಾ ಹಾಕಬಹುದು, ಉತ್ತರ ಕನ್ನಡದ ಅಘನಾಶಿನಿ ನದಿ ಸಮುದ್ರ ಸೇರುವಲ್ಲಿ ಸಿಗುವ ಬಳಚಿಗೆ (ಅದೂ ಚಿಪ್ಪಿನ ಜೀವಿಯೇ) ಯಾರು ಹಾಕುತ್ತಾರೆ? ಸಮುದ್ರದ ಸುದ್ದಿಯನ್ನು ಕರಾವಳಿ ಆವೃತ್ತಿಗೆ ಮಾತ್ರ ಬಿಡಬೇಡಿ. ಹೊಗೆ ನಮ್ಮ ಕಡೆಯದೂ ಇದೆ, ಅಲ್ವಾ?

– ಪಾನ್ ಅಂಗಡಿಯವ, ರಾಯಚೂರು