ಮೂಲೆ ಸೇರಿದ ಹೊಲಿಗೆ ಯಂತ್ರಗಳು

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ‘ಟೂಲ್ಸ್ ವಿತ್ ಎ ಮಿಷನ್’ ಎಂಬ ಕ್ರೈಸ್ತ ಸೇವಾಸಂಸ್ಥೆ, ಜನರು ಬಳಸದೆ ಬಿಟ್ಟ ಹೊಲಿಗೆ ಯಂತ್ರಗಳನ್ನು ಸಂಗ್ರಹಿಸಿ, ಸ್ವಯಂಸೇವಕರಿಂದ ದುರಸ್ತಿ ಮಾಡಿಸಿ ಉಗಾಂಡ, ಜಾಂಬಿಯಾದಂತಹ ದೇಶಗಳಿಗೆ ಕಳುಹಿಸುತ್ತದೆ. ಹೊಲಿಗೆ ಕಲಿತವರು ತಮ್ಮ ಕಾಲ ಮೇಲೆ ನಿಲ್ಲಲಿ ಎಂಬುದೇ ಇದರ ಉದ್ದೇಶ. ವಿಧವೆಯರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಬಿಥಾಳ ಕಥೆ ಬೈಬಲಿನಲ್ಲಿದೆ. ಆ ಪರಂಪರೆ ಇನ್ನೂ ಜೀವಂತವಾಗಿದೆ ಎಂದು ತಿಳಿದು ಮನಸ್ಸು ತುಂಬಿ ಬಂತು. ನಮ್ಮ ಕರಾವಳಿಗೂ ಇದು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮುಂದಿನ ವರ್ಷಗಳಲ್ಲಿ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆದು ಎಷ್ಟೋ ಕುಟುಂಬಗಳಿಗೆ ಅನ್ನದ ದಾರಿ ತೋರಿತು. ಖಾಕಿ ಬಟ್ಟೆಗೆ ಹೆಸರಾದದ್ದೂ ಅದೇ ನೇಯ್ಗೆ ಕಾರ್ಖಾನೆ.

ಕಳೆದ ತಿಂಗಳು ಕಾಲಿನಿಂದ ತುಳಿದು ಓಡಿಸುವ ಅಮ್ಮನ ಹೊಲಿಗೆ ಯಂತ್ರವನ್ನು ಅಟ್ಟದಿಂದ ಇಳಿಸಿದೆ. ಚರ್ಮದ ಬೆಲ್ಟ್ ಒಣಗಿ ತುಂಡಾಗಿತ್ತು, ಬಾಬಿನ್ ತುಕ್ಕು ಹಿಡಿದಿತ್ತು. ಹೊಸ ಬೆಲ್ಟ್ ಹಾಕಿ, ನಾಲ್ಕು ಹನಿ ಎಣ್ಣೆ ಬಿಟ್ಟ ಮೇಲೆ ಅದು ಒಂದೂ ಹೊಲಿಗೆ ತಪ್ಪದೆ ಓಡಿತು. ಮಳೆಗಾಲದಲ್ಲಿ ಪದೇ ಪದೇ ಕರೆಂಟ್ ಹೋಗುವ ನಮ್ಮೂರಿಗೆ ಇದಕ್ಕಿಂತ ಒಳ್ಳೆಯ ಯಂತ್ರ ಬೇಕೇ?

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಮನೆಗಳಲ್ಲಿ ಇಂತಹವು ಇನ್ನೆಷ್ಟಿವೆಯೋ! ಇಲ್ಲಿನ ಇಗರ್ಜಿ, ದೇವಸ್ಥಾನ, ಮಸೀದಿಗಳ ಸಮಿತಿಗಳು ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಟುಂಬಶ್ರೀ ಘಟಕಗಳ ಜೊತೆ ಸೇರಿ ಅವನ್ನು ಸಂಗ್ರಹಿಸಲಿ. ದುರಸ್ತಿ ಬಲ್ಲ ಹಿರಿಯ ಟೈಲರ್‌ಗಳಿಗೆ ತಕ್ಕ ಕೂಲಿ ಕೊಟ್ಟು ಸರಿಮಾಡಿಸಿ, ಬೀಡಿ ಕೆಲಸ ಕಡಿಮೆಯಾಗಿ ಕೈಕಟ್ಟಿ ಕುಳಿತ ಹೆಂಗಸರಿಗೆ ಹಂಚಲಿ. ಅಮ್ಮನ ಯಂತ್ರವನ್ನು ಮೊದಲನೆಯದಾಗಿ ಕೊಡಲು ನಾನು ಸಿದ್ಧಳಿದ್ದೇನೆ.

– ನಿವೃತ್ತ ಹೊಲಿಗೆ ಶಿಕ್ಷಕಿ, ಬದಿಯಡ್ಕ